ಧಾರೆಯ ಗಿಂಡಿ

ಮದುವೆಯ ಕಾಲ ಬಂದಿತೆಂದರೆ ನಮ್ಮ ಮನೆಯ ಮೇಜಿನ ಮೇಲೆ ಲಗ್ನಪತ್ರಿಕೆಗಳು ಒಂದರ ಮೇಲೊಂದು ಬಂದು ಕೂಡುತ್ತವೆ. ವಾಚಕರ ಮನೆಗಳಲ್ಲಿಯೂ ಹಾಗೆಯೇ ಇರಬೇಕು. ಈಚೆಗೆ ಅನೇಕರು ಪತ್ರಿಕೆಯ ಚಿತ್ರವನ್ನು ಕೈದೂರವಾಣಿಯಲ್ಲಿಯೇ ಕಳುಹಿಸಿ ಕರೆಯುವ ಶಾಸ್ತ್ರವನ್ನು ಮುಗಿಸಿಬಿಡುವರಾದರೂ, ಅಂಚಿಗೆ ಅರಿಶಿನ ಹಚ್ಚಿದ ಕಾಗದವನ್ನು ಮನೆಗೇ ತಂದುಕೊಟ್ಟು, ಒಂದು ಲೋಟ ಮಜ್ಜಿಗೆ ಕುಡಿದು ಹೋಗುವವರು ಇನ್ನೂ ಉಳಿದಿದ್ದಾರೆ. ಪತ್ರಿಕೆ ಕೈಗೆ ಬಂದೊಡನೆ ಮುಹೂರ್ತವನ್ನು ನೋಡುವವರುಂಟು. ಛತ್ರದ ವಿಳಾಸವನ್ನು ನೋಡುವವರುಂಟು. ಊಟದ ಹೊತ್ತನ್ನು ಮಾತ್ರ ನೋಡುವ ಮಹನೀಯರೂ ಉಂಟು. ನಾವು ಮೊದಲು ನೋಡುವುದು, ಕರೆಯುವವರು ಯಾರು ಎಂಬ ಸಾಲನ್ನು. ಈ ಅಭ್ಯಾಸ ನಮಗೆ ಹಿಂದೆ ಇರಲಿಲ್ಲ. ನಮ್ಮ ಮಗಳ ಮದುವೆಯ ಪತ್ರಿಕೆ ಅಚ್ಚಾದಂದಿನಿಂದ ಬಂದುದು.

ಆ ಮದುವೆಯ ವಿಷಯವನ್ನು ಈ ಪುಟದಲ್ಲಿ ಬರೆಯಬಾರದೆಂದು ಬಹುದಿನ ತಡೆದುಕೊಂಡಿದ್ದೆವು. ಹೆತ್ತವರು ತಮ್ಮ ಮನೆಯ ಮದುವೆಯ ವೃತ್ತಾಂತವನ್ನು ತೆಗೆದರೆ ಕೇಳುವವರ ಕಾಫಿ ಆರಿಹೋಗುವುದೆಂಬುದನ್ನು ನಾವು ಬಲ್ಲೆವು. ನಾವೇ ಎಷ್ಟೋ ಸಲ ಆರಿದ ಕಾಫಿಯನ್ನು ಕುಡಿದಿದ್ದೇವೆ. ಆದರೆ ಹೋದ ವಾರ ಬಂದ ಒಂದು ಪತ್ರಿಕೆಯಲ್ಲಿ, ಗಂಡನನ್ನು ಕಳೆದುಕೊಂಡು ಮಗಳನ್ನು ತಾನೊಬ್ಬಳೇ ಸಾಕಿದ ನಮ್ಮ ಗೆಳತಿಯ ಹೆಸರು ಎಲ್ಲಿಯೂ ಕಾಣಲಿಲ್ಲ. ಹುಡುಕಿದೆವು, ಹಿಂಬದಿಯನ್ನೂ ತಿರುಗಿಸಿ ನೋಡಿದೆವು. ಇಲ್ಲ. ಆದುದರಿಂದ ಈ ತಿಂಗಳು ವಾಚಕರು ಸ್ವಲ್ಪ ಸೈರಿಸಿಕೊಳ್ಳಬೇಕು.

ಮದುವೆ ನಡೆದುದು ಮೈಸೂರಿನಲ್ಲಿ, 2023ರ ಮೇ 11ರಂದು. ಶೋಭಕೃತ್ ಸಂವತ್ಸರದ ವೈಶಾಖ ಬಹುಳ ಷಷ್ಠಿ, ಗುರುವಾರ. ನಮ್ಮ ಯಜಮಾನರು ತೀರಿಕೊಂಡುದು 2011ರಲ್ಲಿ. ಆಗ ಮಗಳಿಗೆ ಹದಿನೈದು ವರ್ಷ. ಅಲ್ಲಿಂದ ಮುಂದೆ ಹನ್ನೆರಡು ವರ್ಷ ನಮ್ಮ ಮನೆಗೆ ಗಂಡಸಿನ ನೆರಳೆಂದು ಯಾವುದಾದರೂ ಇದ್ದರೆ ಅದು ಹಾಸನದಲ್ಲಿದ್ದ ನಮ್ಮ ಭಾವನವರದು. ತಿಂಗಳಿಗೊಮ್ಮೆ ಬರುವರು. ಬರುವಾಗ ತೋಟದ ತೆಂಗಿನಕಾಯಿ, ದೀಪಾವಳಿಗೆ ಒಂದು ಮೂಟೆ ಅಕ್ಕಿ. ಮಗಳ ಕಾಲೇಜಿನ ಎರಡು ವರ್ಷದ ಶುಲ್ಕವನ್ನು ತಾವೇ ಕಟ್ಟಿ, ಆ ಮಾತನ್ನು ಮತ್ತೆ ಎತ್ತಲಿಲ್ಲ. ಇಂತಹ ಹಿರಿಯರಿರುವಾಗ ಲಗ್ನಪತ್ರಿಕೆಯ ಕರಡನ್ನು ಬರೆಯಲು ಕುಳಿತ ನಾವು, ಕರೆಯುವವರ ಸ್ಥಾನದಲ್ಲಿ ಭಾವನವರ ಮತ್ತು ನಮ್ಮ ಓರಗಿತ್ತಿಯವರ ಹೆಸರನ್ನು ಬರೆದೆವು. ವಧುವನ್ನು ದಿವಂಗತ ಇಂತಹವರ ಪುತ್ರಿ ಎಂದು ಬರೆದೆವು. ನಮ್ಮ ಹೆಸರು ಬಿಟ್ಟುಹೋಗಿದೆಯೆಂಬುದು ನಮಗೇ ಹೊಳೆಯಲಿಲ್ಲ. ಯಾರೂ ಬಿಡೆಂದು ಹೇಳಿರಲಿಲ್ಲ. ನಮ್ಮ ತಾಯಿಯ ಕಾಲದಿಂದ ನೋಡಿದ ಪತ್ರಿಕೆಗಳೆಲ್ಲ ಹಾಗೆಯೇ ಇದ್ದವು. ಕೈ ತಾನಾಗಿ ಹಾಗೆ ಬರೆಯಿತು.

ಮಗಳು ಶಾಲೆಯಲ್ಲಿ ವಿಜ್ಞಾನದ ಉಪಾಧ್ಯಾಯಿನಿ. ಮಕ್ಕಳ ಉತ್ತರಪತ್ರಿಕೆಗಳನ್ನು ತಿದ್ದುವ ಕೆಂಪು ಲೇಖನಿ ಕೈಯಲ್ಲಿದ್ದಿತು. ಕರಡನ್ನು ಓದಿ, "ಅಮ್ಮ, ಇದರಲ್ಲಿ ನೀನು ಎಲ್ಲಿ?" ಎಂದಳು. ನಾವು ನಿರುತ್ತರರಾದೆವು. ಅವಳು ತಂದೆಯ ಹೆಸರಿನ ಪಕ್ಕದಲ್ಲಿ ನಮ್ಮ ಹೆಸರನ್ನು ಬರೆದು, ಕರೆಯುವವರ ಸಾಲಿನಲ್ಲಿಯೂ ಸೇರಿಸಿ, ಎರಡು ಅಂಕ ಕಳೆದವಳ ಹಾಗೆ ಅಂಚಿನಲ್ಲಿ ಒಂದು ಗೀಟು ಹಾಕಿದಳು. ಭಾವನವರಿಗೆ ತೋರಿಸಿದಾಗ, "ಇರಬೇಕಾದುದೇ, ಬಿಟ್ಟುಹೋದದ್ದೇ ತಪ್ಪು" ಎಂದು ತಮ್ಮ ಕನ್ನಡಕವನ್ನು ಒರೆಸಿಕೊಂಡರು. ಅಲ್ಲಿಗೆ ಅದು ಮುಗಿಯಿತು. ಮುಗಿಯಿತೆಂದು ನಾವು ತಿಳಿದೆವು.

ಗಂಡಿನ ಕಡೆಯವರು ಶಿವಮೊಗ್ಗದವರು. ಒಳ್ಳೆಯ ಜನ. ಕೊಡುವ ತೆಗೆದುಕೊಳ್ಳುವ ಮಾತು ಎರಡು ಕಡೆಯಿಂದಲೂ ಬರಲಿಲ್ಲ. 1961ರ ಶಾಸನಕ್ಕೆ ಅಂಜಿ ಅಲ್ಲ, ಆ ಮಾತು ಆಡಲು ಯಾರಿಗೂ ನಾಲಗೆ ಬರಲಿಲ್ಲವೆಂದು. ಮುಹೂರ್ತವನ್ನು ಗೊತ್ತುಮಾಡಿ, ಛತ್ರಕ್ಕೆ ಮುಂಗಡ ಕೊಟ್ಟು, ಅಡಿಗೆಯವರಿಗೆ ವೀಳ್ಯ ಕೊಟ್ಟು ನೆಮ್ಮದಿಯಾಗಿ ಕುಳಿತಿರುವಾಗ, ಮಾರ್ಚಿ ತಿಂಗಳ ಕೊನೆಯಲ್ಲಿ ವಿಧಾನಸಭೆಯ ಚುನಾವಣೆ ಪ್ರಕಟವಾಯಿತು. ಮತದಾನ ಮೇ 10ರ ಬುಧವಾರ. ಎಂದರೆ ನಮ್ಮ ನಾಂದಿಯ ದಿನ, ವರಪೂಜೆಯ ದಿನ.

ಇದರಿಂದ ಏನೇನಾಯಿತೆಂಬುದನ್ನು ಹೇಳಹೊರಟರೆ ಪುಟ ಸಾಲದು. ಬಸ್ಸುಗಳು ಚುನಾವಣೆಯ ಕೆಲಸಕ್ಕೆ ಹೋದುದರಿಂದ ಬೀಗರ ಕಡೆಯವರು ರೈಲನ್ನು ನಂಬಬೇಕಾಯಿತು. ಅವರು ಮತ ಹಾಕದೆ ಹೊರಡುವುದಿಲ್ಲವೆಂದರು. ನಾವು ಬೇಡವೆನ್ನುವುದು ಹೇಗೆ? ಬೆಳಗ್ಗೆ 7 ಗಂಟೆಗೆ ಮತಗಟ್ಟೆಯ ಬಾಗಿಲು ತೆರೆಯುವ ಮೊದಲೇ ವರಮಹಾಶಯರು ತಮ್ಮ ಅಜ್ಜಿಯ ಕೈಹಿಡಿದು ಸಾಲಿನಲ್ಲಿ ನಿಂತಿದ್ದರಂತೆ. ಮೈಸೂರಿನಲ್ಲಿ ನಾವು ಮಗಳನ್ನು ಕರೆದುಕೊಂಡು ಹೋದೆವು. ಗೋರಂಟಿಯ ಕೈಯನ್ನು ಮುಂದೆ ಚಾಚಿದಾಗ ಅಲ್ಲಿ ಕುಳಿತಿದ್ದ ಹೆಂಗಸು, "ಇದರಲ್ಲಿ ನಮ್ಮ ಗುರುತು ಎಲ್ಲಿ ಹಾಕಲಮ್ಮ?" ಎಂದು ನಕ್ಕು, ಎಡಗೈಯ ತೋರುಬೆರಳಿನ ಉಗುರಿನ ಮೇಲಿಂದ ಒಂದು ಗೆರೆಯೆಳೆದಳು.

ಆ ಶಾಯಿಯ ಮಾತು ಬಂದುದರಿಂದ ಇದೊಂದನ್ನು ಹೇಳಿಬಿಡುತ್ತೇವೆ. ಅದು ನಮ್ಮ ಮೈಸೂರಿನ ಸೃಷ್ಟಿ. ನಾಲ್ವಡಿ ಕೃಷ್ಣರಾಜ ಒಡೆಯರವರ ಕಾಲದಲ್ಲಿ, 1937ರಲ್ಲಿ, ಅರಗು ಮತ್ತು ಬಣ್ಣಗಳ ಕಾರ್ಖಾನೆಯಾಗಿ ಆರಂಭವಾಗಿ ಈಗ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಎಂಬ ಹೆಸರಿನಿಂದಿರುವ ಸಂಸ್ಥೆ, 1962ರ ಮಹಾಚುನಾವಣೆಯಿಂದ ಮೊದಲ್ಗೊಂಡು ದೇಶದ ಮತದಾರರ ಬೆರಳಿಗೆಲ್ಲ ಇದನ್ನು ಒದಗಿಸುತ್ತ ಬಂದಿದೆ. ಅದರಲ್ಲಿರುವುದು ಬೆಳ್ಳಿಯ ಒಂದು ಲವಣ. ಚರ್ಮದ ಉಪ್ಪಿನೊಡನೆ ಕೂಡಿ, ಬೆಳಕು ಬಿದ್ದಂತೆಲ್ಲ ಕಪ್ಪಾಗುತ್ತದೆಯೆಂದು ಮಗಳು ದಾರಿಯುದ್ದಕ್ಕೂ ನಮಗೆ ಪಾಠ ಹೇಳಿದಳು. ಮದುವಣಗಿತ್ತಿಯ ಬೆರಳಿಗೆ ಬೆಳ್ಳಿಯ ಆಭರಣ ಸರಕಾರದಿಂದಲೇ ಆಯಿತಲ್ಲವೆ ಎಂದು ನಾವೂ ನಕ್ಕೆವು.

ಹಾಸನದಿಂದ ಭಾವನವರೂ ಓರಗಿತ್ತಿಯವರೂ ಎರಡು ದಿನ ಮುಂಚೆಯೇ ಬಂದಿದ್ದರು. ಆದರೆ ಸುಮ್ಮನೆ ಬರಲಾಗಲಿಲ್ಲ. ಮತ ಹಾಕಲು ಹತ್ತನೆಯ ತಾರೀಖು ಮುಂಜಾನೆ ಮತ್ತೆ ಹಾಸನಕ್ಕೆ ಹೋಗಿ, ಗುರುತು ಹಾಕಿಸಿಕೊಂಡು, ನಾಂದಿಯ ಹೊತ್ತಿಗೆ ಹಿಂದಿರುಗಿದರು. ಹೋಗಿ ಬರುವ ದಾರಿ ಸುಮಾರು 240 ಕಿಲೋಮೀಟರು. ಬರುವಾಗ ಒಂದು ತನಿಖೆಯ ಕಟ್ಟೆಯಲ್ಲಿ ಗಾಡಿಯನ್ನು ನಿಲ್ಲಿಸಿದರಂತೆ. ಆ ದಿನಗಳಲ್ಲಿ 50,000 ರೂಪಾಯಿಗೆ ಮೇಲ್ಪಟ್ಟ ನಗದನ್ನು ತಕ್ಕ ಆಧಾರವಿಲ್ಲದೆ ಒಯ್ಯುವಂತಿರಲಿಲ್ಲ. ಒಡವೆ ವಸ್ತುಗಳಿಗೂ ವಿಚಾರಣೆ. ಭಾವನವರ ಚೀಲದಲ್ಲಿದ್ದ ಹಣ ಕಡಿಮೆಯೇ. ಓರಗಿತ್ತಿಯವರ ಮಡಿಲಿನ ಗಂಟಿನಲ್ಲಿ, ಹಳೆಯ ರವಿಕೆಯ ಬಟ್ಟೆಯಲ್ಲಿ ಸುತ್ತಿದ ಒಂದು ಬೆಳ್ಳಿಯ ಗಿಂಡಿ ಸಿಕ್ಕಿತು. ಹೊಳೆಯುವಂತೆ ತಿಕ್ಕಿದ್ದರು. "ಇದಕ್ಕೆ ರಸೀತಿ ಎಲ್ಲಿ?" ಎಂದು ಅಧಿಕಾರಿ ಕೇಳಿದನಂತೆ. "ನಮ್ಮ ತಾಯಿ ನನಗೆ ಧಾರೆ ಎರೆದ ಗಿಂಡಿಯಪ್ಪ ಇದು, ಅವರು ರಸೀತಿ ಕೊಡಲಿಲ್ಲ" ಎಂದು ಇವರು ಲಗ್ನಪತ್ರಿಕೆಯನ್ನು ತೋರಿಸಿದರಂತೆ. ಆತ ಪತ್ರಿಕೆಯನ್ನು ಪೂರ್ತಿ ಓದಿ, ಗಿಂಡಿಯನ್ನು ಎರಡು ಕೈಯಿಂದ ಹಿಂದಕ್ಕೆ ಕೊಟ್ಟನಂತೆ.

ಈ ಕಥೆಯನ್ನು ಓರಗಿತ್ತಿಯವರು ಛತ್ರದ ಹಜಾರದಲ್ಲಿ ಕುಳಿತು ಹೇಳುವಾಗ ನೆರೆದ ಹೆಂಗಸರೆಲ್ಲ ನಕ್ಕರು. ನಾವೂ ನಕ್ಕೆವು. ಆ ಗಿಂಡಿಯನ್ನು ಅವರು ಏತಕ್ಕೆ ತಂದರು, ಅದನ್ನು ಯಾರ ಕೈಯಲ್ಲಿ ಹಿಡಿಯಬೇಕೆಂದು ತಿಕ್ಕಿದರು ಎಂಬುದನ್ನು ನಗುವಿನ ನಡುವೆ ನಾವು ಯೋಚಿಸಲಿಲ್ಲ.

ಸಂಜೆ ಬೀಗರು ಬಂದಿಳಿದರು. ರೈಲು ತಡವಾಗಿದ್ದಿತು. ವರಪೂಜೆಯಾಯಿತು, ಹಾಲು ಹಣ್ಣು, ಕಾಶಿ ಹಲ್ವ, ಊಟ, ಎಲ್ಲವೂ ಆಯಿತು. ರಾತ್ರಿ ಹತ್ತು ಗಂಟೆಯ ಸುಮಾರಿಗೆ ಅಡಿಗೆಮನೆಯ ಹಿಂದಿನ ಅಂಗಳದಲ್ಲಿ ಮಾರನೆಯ ದಿನದ ತರಕಾರಿಯನ್ನು ಹೆಚ್ಚುತ್ತಿದ್ದರು. ನಾವು ವೀಳ್ಯದೆಲೆಗಳನ್ನು ಎಣಿಸಿ ಕಟ್ಟು ಕಟ್ಟುತ್ತಿದ್ದೆವು. ಆಗ ಮಗಳು ಬಂದು ಭಾವನವರ ಕಾಲಬಳಿ ಕುಳಿತು, "ದೊಡ್ಡಪ್ಪ, ನಾಳೆ ಧಾರೆಯ ನೀರನ್ನು ಅಮ್ಮನೇ ಎರೆಯಲಿ" ಎಂದಳು.

ಇದನ್ನು ಅವಳು ತಿಂಗಳ ಹಿಂದೆ ನಮಗೆ ಹೇಳಿದ್ದಳು. ನಾವು ಅವಳ ಬಾಯಿ ಮುಚ್ಚಿಸಿದ್ದೆವು. ಹನ್ನೆರಡು ವರ್ಷ ತಂದೆಯ ಸ್ಥಾನದಲ್ಲಿ ನಿಂತವರನ್ನು ಆ ಒಂದು ಗಳಿಗೆಯಲ್ಲಿ ಪಕ್ಕಕ್ಕೆ ಸರಿಯಿರೆನ್ನುವುದು ಯಾವ ನ್ಯಾಯ? ಅಲ್ಲದೆ, ಗಂಡನಿಲ್ಲದ ಹೆಂಗಸಿನ ಕೈಯಿಂದ ಧಾರೆಯೆ ಎಂದು ಮೂಲೆಯಲ್ಲಿ ಕುಳಿತು ಗೊಣಗುವವರು ನಮ್ಮ ಕಡೆಯಲ್ಲಿಯೇ ಇದ್ದರು. ಆ ಮಾತಿಗೆ ನಾವು ಅಂಜಿದ್ದೆವೆಂದು ಈಗ ಒಪ್ಪಿಕೊಳ್ಳುವುದರಲ್ಲಿ ನಾಚಿಕೆಯಿಲ್ಲ.

ಭಾವನವರು ಏನೂ ಹೇಳಲಿಲ್ಲ. ಎದ್ದು ಹೋಗಿ ಚಪ್ಪರದ ಬಾಗಿಲಲ್ಲಿ ಕಟ್ಟಿದ್ದ ಬಾಳೆಯ ಕಂಬದ ಬಳಿ ನಿಂತರು. ಅದು ಸರಿಯಾಗಿಯೇ ಇದ್ದಿತು. ಆದರೂ ಹಗ್ಗವನ್ನು ಬಿಚ್ಚಿ ಮತ್ತೆ ಕಟ್ಟಿದರು. ಮಗಳ ಕಣ್ಣಿನಲ್ಲಿ ನೀರು ತುಂಬಿತು. ನಾವು ಅವಳನ್ನು ಗದರಿಸಲೂ ಆರದೆ, ಅಪ್ಪಿಕೊಳ್ಳಲೂ ಆರದೆ ಎಲೆಗಳನ್ನು ತಪ್ಪು ಎಣಿಸುತ್ತ ಕುಳಿತೆವು.

ಅಷ್ಟರಲ್ಲಿ ನಮ್ಮ ಪುರೋಹಿತರು ಮಾರನೆಯ ದಿನದ ಸಮಿತ್ತು, ಅರಳು, ದರ್ಭೆಗಳನ್ನು ವಿಚಾರಿಸಿಕೊಂಡು ಹೋಗಲು ಬಂದರು. ಎಂಬತ್ತರ ಸಮೀಪದ ವೃದ್ಧರು. ನಮ್ಮ ಮದುವೆಯನ್ನೂ ಮಾಡಿಸಿದವರು. ಭಾವನವರೇ ಅವರನ್ನು ಕರೆದು, "ತಾಯಿಗೆ ಅಧಿಕಾರವುಂಟೆ?" ಎಂದು ಕೇಳಿದರು. ಉಂಟೆಂದರೂ ಇಲ್ಲವೆಂದರೂ ಒಪ್ಪುವೆನೆಂಬ ಧ್ವನಿ ಅದರಲ್ಲಿದ್ದಿತು.

ಪುರೋಹಿತರು ಹೇಳಿದುದು ಇಷ್ಟು. ಕನ್ಯೆಯನ್ನು ಕೊಡುವ ಅಧಿಕಾರ ಯಾರು ಯಾರಿಗೆಂಬುದನ್ನು ಯಾಜ್ಞವಲ್ಕ್ಯಸ್ಮೃತಿಯಲ್ಲಿ ಕ್ರಮವಾಗಿ ಹೇಳಿದೆ: ಮೊದಲು ತಂದೆ, ಅನಂತರ ಪಿತಾಮಹ, ಅನಂತರ ಒಡಹುಟ್ಟಿದವನು, ಅನಂತರ ಕುಲದವನು, ಅನಂತರ ತಾಯಿ. ಮೊದಲಿನವರು ಇಲ್ಲದಿದ್ದರೆ ಮುಂದಿನವರು. ಈ ಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ನಮ್ಮ ನಾಡಿನವನೇ. 1076ರಿಂದ 1126ರವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ, ಎಂದರೆ ಈಗಿನ ಬೀದರ ಜಿಲ್ಲೆಯ ಬಸವಕಲ್ಯಾಣದಲ್ಲಿ, ಕುಳಿತು ಬರೆದವನು. "ತಾಯಿಗೆ ಅಧಿಕಾರವಿಲ್ಲವೆಂದು ಹೇಳುವವರು ಪುಸ್ತಕವನ್ನು ತೆರೆದಿಲ್ಲ. ಆದರೆ ಕ್ರಮದಲ್ಲಿ ನೀವು ನಾಲ್ಕನೆಯವರು, ಅವರು ಐದನೆಯವರು. ಇಲ್ಲಿ ಇರುವವರು ನೀವಿಬ್ಬರೇ. ಪುಸ್ತಕದಲ್ಲಿರುವುದನ್ನು ಹೇಳಿದೆ. ಮನೆಯಲ್ಲಿರುವುದು ನಿಮಗೆ ಗೊತ್ತು" ಎಂದು ಹೇಳಿ ದರ್ಭೆಯ ಕಟ್ಟನ್ನು ಕಂಕುಳಿಗೆ ಸೇರಿಸಿಕೊಂಡರು.

ನಾವು ಎಣಿಸಿದ್ದುದು ಬೇರೆ. ಶಾಸ್ತ್ರವು ನಮಗೆ ಬಾಗಿಲನ್ನು ಮುಚ್ಚುತ್ತದೆ, ಅಲ್ಲಿಗೆ ಮಗಳೂ ಸುಮ್ಮನಾಗುತ್ತಾಳೆ ಎಂದಿದ್ದೆವು. ಶಾಸ್ತ್ರ ಬಾಗಿಲನ್ನು ತೆರೆಯಿತು. ತೆರೆದು, ಭಾವನವರ ಹಿಂದೆ ನಮ್ಮನ್ನು ನಿಲ್ಲಿಸಿತು. ಈಗಿನ ಶಾಸನವಾದರೋ ಈ ಜಗಳಕ್ಕೇ ಬರುವುದಿಲ್ಲ. 1955ರ ಹಿಂದೂ ವಿವಾಹ ಶಾಸನದ ಏಳನೆಯ ಪ್ರಕರಣದಲ್ಲಿ, ಸಪ್ತಪದಿಯುಳ್ಳ ಮದುವೆಯು ಏಳನೆಯ ಹೆಜ್ಜೆಯಿಟ್ಟೊಡನೆ ಪೂರ್ಣವಾಗುವುದೆಂದಿದೆಯೇ ಹೊರತು ನೀರನ್ನು ಎರೆಯುವ ಕೈ ಯಾರದಿರಬೇಕೆಂದು ಇಲ್ಲ.

ಭಾವನವರು ಬಹಳ ಹೊತ್ತು ಸುಮ್ಮನಿದ್ದು, "ನಾಲ್ಕನೆಯವನು" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಆಮೇಲೆ ನಮ್ಮ ಕಡೆ ತಿರುಗಿ, "ನಾನು ಬಿಡುವುದಕ್ಕೆ ಅಡ್ಡಿಯಿಲ್ಲ. ಆದರೆ ಅವನಿದ್ದಿದ್ದರೆ ಹಿಡಿಯುತ್ತಿದ್ದ ಕೈ..." ಎಂದವರು ಅಲ್ಲಿಗೆ ನಿಲ್ಲಿಸಿಬಿಟ್ಟರು. ತಮ್ಮನ ಹೆಸರನ್ನು ಅವರು ಹನ್ನೆರಡು ವರ್ಷದಲ್ಲಿ ನಮ್ಮೆದುರಿಗೆ ಹೇಳಿದುದು ಬಹಳ ಕಡಿಮೆ. ಅಂದೂ ಹೇಳಲಿಲ್ಲ.

ಮಾತನ್ನು ಮುಂದುವರಿಸಿದವರು ಓರಗಿತ್ತಿಯವರು. ಅವರು ಅಷ್ಟು ಹೊತ್ತೂ ಈಳಿಗೆಮಣೆಯ ಮೇಲೆ ಕುಳಿತು ಬೂದುಗುಂಬಳವನ್ನು ಹೆಚ್ಚುತ್ತಿದ್ದರು. ತಲೆಯೆತ್ತದೆಯೇ ಹೇಳಿದರು: "ಹಿಡಿಯುವುದು ಇವರು ಹಿಡಿಯಲಿ. ಎರೆಯುವುದು ಅವಳು ಎರೆಯಲಿ. ಗಂಡ ಹಿಡಿದರೆ ಹೆಂಡತಿ ಎರೆಯುವಳು, ಹೆಂಡತಿ ನಾನಲ್ಲವೆ? ನಾನು ಬಿಟ್ಟೆ. ಇದರಲ್ಲಿ ಪುಸ್ತಕ ನೋಡುವುದೇನಿದೆ?" ಪುರೋಹಿತರು ಬಾಗಿಲವರೆಗೆ ಹೋಗಿದ್ದವರು ನಿಂತು ಕೇಳಿ, "ನೋಡಬೇಕಾದ್ದಿಲ್ಲ" ಎಂದು ಹೊರಟುಹೋದರು. ಮಗಳು ದೊಡ್ಡಮ್ಮನ ಹೆಗಲಿನ ಮೇಲೆ ತಲೆಯಿಟ್ಟಳು. "ಏಳು, ಕುಂಬಳದ ತಿರುಳು ಸೀರೆಗೆ ಅಂಟುತ್ತದೆ" ಎಂದು ಅವರು ಗದರಿಸಿದರು.

ಬೀಗಿತ್ತಿಯವರಿಗೆ ಈ ವಿಷಯವನ್ನು ತಿಳಿಸಿಬಿಡುವುದು ಮೇಲೆಂದು ಆ ರಾತ್ರಿಯೇ ಅವರ ಕೋಣೆಗೆ ಹೋದೆವು. ಎದೆ ಹೊಡೆದುಕೊಳ್ಳುತ್ತಿದ್ದಿತು. ಅವರು ಎಲ್ಲವನ್ನೂ ಕೇಳಿ, "ಮುಹೂರ್ತ ತಡವಾಗುವುದಿಲ್ಲ ತಾನೆ?" ಎಂದು ಒಂದೇ ಮಾತು ಕೇಳಿದರು. ಇಲ್ಲವೆಂದೆವು. "ಹಾಗಾದರೆ ಮಲಗಿ. ನಿಮಗೆ ನಾಳೆ ನಿಲ್ಲುವ ಕೆಲಸ ಬಹಳ" ಎಂದರು.

ಮಾರನೆಯ ದಿನ ಬೆಳಗ್ಗೆ 8 ಗಂಟೆ 40 ನಿಮಿಷದ ಮೇಲೆ ಮಿಥುನ ಲಗ್ನ. ಹೂವು ದೇವರಾಜ ಮಾರುಕಟ್ಟೆಯಿಂದ ನಸುಕಿನಲ್ಲಿಯೇ ಬಂದಿದ್ದಿತು. ಮಲ್ಲಿಗೆಯ ದಿಂಡು ಇನ್ನೂ ಒದ್ದೆಯಾಗಿದ್ದಿತು. ಮಗಳನ್ನು ಸೋದರಮಾವ ಕರೆತಂದು ಅಂತರಪಟದ ಈಚೆ ನಿಲ್ಲಿಸಿದಾಗ ಅವಳನ್ನು ನೋಡಿ ನಮಗೆ ಏನನಿಸಿತೆಂಬುದನ್ನು ಬರೆಯುವುದಿಲ್ಲ. ಹೆಣ್ಣುಮಕ್ಕಳನ್ನು ಹೆತ್ತವರು ಬಲ್ಲರು. ಹೆರದವರಿಗೆ ಬರೆದು ತಿಳಿಸಲಾಗದು. ನಮ್ಮ ಕೈಮೀರಿ ಹೆಮ್ಮೆಯಾಯಿತೆಂದು ಮಾತ್ರ ಹೇಳುತ್ತೇವೆ. ಬಾಸಿಂಗದ ಕೆಳಗೆ ಅವಳ ಹಣೆ ಅವಳ ತಂದೆಯದೇ.

ಅಂತರಪಟ ಸರಿಯಿತು. ಜೀರಿಗೆ ಬೆಲ್ಲವನ್ನು ಒಬ್ಬರ ತಲೆಯ ಮೇಲೊಬ್ಬರು ಇಟ್ಟರು. ವರನು ಎತ್ತರದವನಾದುದರಿಂದ ಮಗಳು ತುದಿಗಾಲಲ್ಲಿ ನಿಂತರೂ ಎಟುಕದೆ, ಅವಳ ಶಾಲೆಯ ಮಕ್ಕಳೆಲ್ಲ "ಹಾರಿ ಮಿಸ್, ಹಾರಿ" ಎಂದು ಕೂಗಿದರು. ಮಂಗಳವಾದ್ಯದವರು ಸಹ ಊದುವುದನ್ನು ಬಿಟ್ಟು ನಕ್ಕರು.

ಆಮೇಲೆ ಧಾರೆ. ಕೆಳಗೆ ವರನ ಕೈ, ಅದರ ಮೇಲೆ ಮಗಳ ಕೈ, ಅದರಲ್ಲಿ ತೆಂಗಿನಕಾಯಿ. ಎಲ್ಲವನ್ನೂ ಬಳಸಿ ಹಿಡಿದ ಭಾವನವರ ಕೈ. ಓರಗಿತ್ತಿಯವರು ಗಿಂಡಿಯನ್ನು ತುಂಬಿಸಿ ತಂದು ನಮ್ಮ ಕೈಗೆ ಕೊಟ್ಟು, ಒಂದು ಹೆಜ್ಜೆ ಹಿಂದೆ ಸರಿದು ನಿಂತರು. ತಾವು ನಿಲ್ಲಬೇಕಾಗಿದ್ದ ಸ್ಥಳದಿಂದ ಒಂದೇ ಹೆಜ್ಜೆ. ಪುರೋಹಿತರು ಸಂಕಲ್ಪವನ್ನು ಹೇಳಿದರು. ಗೋತ್ರ, ಪ್ರವರ, ಪ್ರಪಿತಾಮಹನ ಹೆಸರು, ಪಿತಾಮಹನ ಹೆಸರು, ಕೊನೆಗೆ ಮಗಳ ತಂದೆಯ ಹೆಸರು. ಅದನ್ನು ಗಟ್ಟಿಯಾಗಿ ಹೇಳಬೇಕಾದವರು ಕೈಹಿಡಿದವರು. ಭಾವನವರು ಹೇಳಿದರು. ಆ ಹೆಸರು ಅವರ ಬಾಯಿಂದ ಅಷ್ಟು ಜನರೆದುರಿಗೆ ಬಂದುದನ್ನು ಕೇಳಿ ನಮ್ಮ ಕೈ ನಡುಗಿತು. ಮೊದಲ ನೀರು ಕಾಯಿಯ ಮೇಲೆ ಬೀಳದೆ ಅವರ ಮಣಿಕಟ್ಟಿನ ಮೇಲೆ ಬಿದ್ದಿತು. "ನಿಧಾನ" ಎಂದರು, ನಮಗೆ ಮಾತ್ರ ಕೇಳುವಂತೆ. ಆಮೇಲೆ ಕಡಿಯಲಿಲ್ಲ. ಗಿಂಡಿಯ ಮೂತಿಯಿಂದ ಎಳೆಯಾಗಿ ಇಳಿಯಿತು.

ಬಗ್ಗಿದ ನಮ್ಮ ಕಣ್ಣಿಗೆ ಕಂಡುದು ಆ ಬೆರಳುಗಳು. ಹಿಂದಿನ ದಿನದ ಶಾಯಿ ಎಲ್ಲರದರಲ್ಲಿಯೂ ಇದ್ದಿತು. ಹಾಸನದ್ದೊಂದು, ಶಿವಮೊಗ್ಗದ್ದೊಂದು, ಮೈಸೂರಿನದು ಎರಡು. ಅರಿಶಿನ ಕರಗಿ ಹೋಯಿತು, ಗೋರಂಟಿಯ ಮೇಲೆ ನೀರು ಹರಿಯಿತು. ಆ ನಾಲ್ಕು ಕಪ್ಪು ಗೆರೆಗಳು ಮಾತ್ರ ಇದ್ದ ಹಾಗೆಯೇ ಇದ್ದವು. ಅಂತಹ ಗಳಿಗೆಯಲ್ಲಿ ಮನಸ್ಸು ಏತರ ಮೇಲೆ ಹೋಗಿ ನಿಲ್ಲುತ್ತದೆಯೋ!

ಮಾಂಗಲ್ಯಧಾರಣೆ, ಲಾಜಹೋಮ, ಸಪ್ತಪದಿ ಇವೆಲ್ಲ ಕ್ರಮವಾಗಿ ನಡೆದವು. ಏಳನೆಯ ಹೆಜ್ಜೆಯನ್ನು ನಾವು ಶಾಸನದ ದೃಷ್ಟಿಯಿಂದ ಎಣಿಸಿಕೊಂಡೆವು. ಮೂಲೆಯಲ್ಲಿ ಗೊಣಗುವವರು ಗೊಣಗಿದರು. ಊಟದ ಎಲೆ ಹಾಕಿದಾಗ ಮೊದಲ ಪಂಕ್ತಿಯಲ್ಲಿಯೇ ಕುಳಿತು ಚಿರೋಟಿಯನ್ನು ಎರಡನೆಯ ಸಲ ಹಾಕಿಸಿಕೊಂಡರು. 400 ಎಲೆಗಳಿಗೆ ಹೇಳಿದ್ದೆವು, ಎಲೆಗಳು ಮುಗಿದುವು, ಅಡಿಗೆ ಮುಗಿಯಲಿಲ್ಲ. ಮಾವಿನಕಾಯಿಯ ಚಿತ್ರಾನ್ನವೂ ನಂಜನಗೂಡಿನ ರಸಬಾಳೆಯ ಸೀಕರಣೆಯೂ ಶಿವಮೊಗ್ಗದವರ ಮನಸ್ಸನ್ನು ಗೆದ್ದವು. ನಾವೇ ಹಾಕಿದ ನೆಲ್ಲಿಕಾಯಿಯ ಉಪ್ಪಿನಕಾಯಿಯನ್ನು ವರನ ಅಜ್ಜಿ ಒಂದು ಭರಣಿ ಕೇಳಿ ತೆಗೆದುಕೊಂಡರೆಂಬುದನ್ನು, ಈ ಪುಟದಲ್ಲಿ ಅದರ ಕ್ರಮವನ್ನು ಓದಿ ಸಂಶಯಪಟ್ಟು ಕಾಗದ ಬರೆದಿದ್ದ ಒಬ್ಬಿಬ್ಬರ ಅವಗಾಹನೆಗೆ ತರುತ್ತೇವೆ.

ಇನ್ನು ಅರುಂಧತೀದರ್ಶನ. ಈಗಿನ ಮದುವೆಗಳಲ್ಲಿ ಇದನ್ನು ಹಗಲು ಹತ್ತು ಹನ್ನೊಂದು ಗಂಟೆಗೆ ಮಾಡಿಸುವರು. ಪುರೋಹಿತರು ಬೆರಳು ತೋರಿಸಿದ ದಿಕ್ಕಿನಲ್ಲಿ ಛತ್ರದ ಪಂಖೆ ತಿರುಗುತ್ತಿರುತ್ತದೆ. ಕಂಡಿತೆ ಎಂದರೆ ಕಂಡಿತೆಂದು ವಧೂವರರು ತಲೆಯಾಡಿಸುವರು. ವಿಜ್ಞಾನದ ಉಪಾಧ್ಯಾಯಿನಿ ಇದಕ್ಕೆ ಒಪ್ಪಲಿಲ್ಲ. ಮದುವೆಯ ದಿನವೇ ಮೊದಲ ಸುಳ್ಳು ಬೇಡವೆಂದಳು. ರಾತ್ರಿ ಎಂಟೂವರೆಗೆ ಎಲ್ಲರನ್ನೂ ಛತ್ರದ ಮಾಳಿಗೆಗೆ ಹತ್ತಿಸಿದಳು. ಬಹುಳದ ಚಂದ್ರ ಹುಟ್ಟಲು ಇನ್ನೂ ಬಹಳ ಹೊತ್ತಿದ್ದಿತು. ಉತ್ತರದಲ್ಲಿ ತುಂಡುಮೋಡಗಳ ನಡುವೆ ಸಪ್ತರ್ಷಿಮಂಡಲ ನಿಂತಿದ್ದಿತು. ಬಾಲದ ಮೂರು ನಕ್ಷತ್ರಗಳಲ್ಲಿ ನಡುವಿನದು ವಸಿಷ್ಠ. ಅದಕ್ಕೆ ಅಂಟಿಕೊಂಡಂತೆ ಸಣ್ಣದಾಗಿ ಕಾಣುವುದು ಅರುಂಧತಿ. ಆ ಬೆಳಕು ಅಲ್ಲಿಂದ ಹೊರಟು ಸುಮಾರು 80 ವರ್ಷಗಳಾದುವೆಂದು ಮಗಳು ಗಂಡನಿಗೆ ಹೇಳುತ್ತಿದ್ದಳು. ಆತನು ನಕ್ಷತ್ರವನ್ನು ಬಿಟ್ಟು ಅವಳನ್ನೇ ನೋಡುತ್ತ ಕೇಳುತ್ತಿದ್ದನು. ನಾವು ಈಚೆಗೆ ಸರಿದೆವು.

ಮಾಳಿಗೆಯ ಇನ್ನೊಂದು ಅಂಚಿನಲ್ಲಿ ಓರಗಿತ್ತಿಯವರು ಒಬ್ಬರೇ ನಿಂತಿದ್ದರು. "ಕಂಡಿತೆ?" ಎಂದೆವು. "ದೊಡ್ಡದು ಕಂಡಿತು. ಸಣ್ಣದು ನನ್ನ ಕಣ್ಣಿಗೆ ಸಿಕ್ಕುವುದಿಲ್ಲ" ಎಂದರು. ಸ್ವಲ್ಪ ಹೊತ್ತಾದ ಮೇಲೆ, ಕೇಳದಿದ್ದರೂ ಅವರೇ ಹೇಳಿದರು: "ಗಿಂಡಿಯನ್ನು ಯುಗಾದಿಯ ಮಾರನೆಯ ದಿನವೇ ತೆಗೆದಿಟ್ಟಿದ್ದೆ. ಮೂತಿಯಲ್ಲಿ ಹಳೆಯ ಕಿಲುಬು. ಹುಣಿಸೆಹಣ್ಣು ಹಾಕಿ ನಾಲ್ಕು ದಿನ ತಿಕ್ಕಬೇಕಾಯಿತು."

ಅವರಿಗೆ ಇಬ್ಬರು ಗಂಡುಮಕ್ಕಳು. ಹೆಣ್ಣುಮಕ್ಕಳಿಲ್ಲ.

ಇಪ್ಪತ್ತು ಮೂವತ್ತು ವರ್ಷ ಒಂದೇ ಮನೆತನದಲ್ಲಿದ್ದು ನಾವು ಇದನ್ನು ಅರಿಯದವರಲ್ಲ. ಆದರೆ ತನಿಖೆಯ ಕಟ್ಟೆಯ ಕಥೆಗೆ ನಗುವಾಗ, ಹಿಂದಿನ ರಾತ್ರಿ ಬೂದುಗುಂಬಳದ ಮೇಲೆ ಬಗ್ಗಿದ ಅವರ ತಲೆಯನ್ನು ನೋಡುವಾಗ, ಬೆಳಗ್ಗೆ ಗಿಂಡಿಯನ್ನು ಅವರ ಕೈಯಿಂದ ತೆಗೆದುಕೊಳ್ಳುವಾಗ, ಒಮ್ಮೆಯೂ ಇದು ನಮ್ಮ ಮನಸ್ಸಿಗೆ ಬರಲಿಲ್ಲ. ಯಾರ ಹಕ್ಕು ದೊಡ್ಡದು, ಭಾವನವರದೋ ನಮ್ಮದೋ ಎಂದು ಎಲ್ಲರೂ ತೂಗಿದೆವು. ತಕ್ಕಡಿಗೆ ಬಾರದೆ ಎದ್ದುಹೋದುದನ್ನು ಯಾರೂ ನೋಡಲಿಲ್ಲ. ಏನಾದರೂ ಹೇಳಬೇಕೆಂದು ಬಾಯಿ ತೆರೆದೆವು. ಅವರು, "ಕೆಳಗೆ ಹಾಲು ಉಕ್ಕುತ್ತದೆಯೋ ಏನೋ" ಎಂದು ಮೆಟ್ಟಿಲಿಳಿದುಬಿಟ್ಟರು.

ಮಾರನೆಯ ಬೆಳಗ್ಗೆ ಮಗಳು ಹೊರಟಳು. ಅದನ್ನು ಬರೆಯುವುದಿಲ್ಲ. ಛತ್ರವನ್ನು ಹತ್ತು ಗಂಟೆಗೆ ಬಿಟ್ಟುಕೊಡಬೇಕಾಗಿದ್ದುದರಿಂದ ಅಳುವುದಕ್ಕೂ ಹೆಚ್ಚು ಸಮಯವಿರಲಿಲ್ಲ. ಪಾತ್ರೆಗಳನ್ನು ಎಣಿಸುತ್ತಿರುವಾಗ ಪೂಜೆಯ ಸಾಮಾನಿನ ಬುಟ್ಟಿಯಲ್ಲಿ ಗಿಂಡಿ ಸಿಕ್ಕಿತು. ತಳದಲ್ಲಿ ಇನ್ನೂ ಸ್ವಲ್ಪ ಧಾರೆಯ ನೀರು ನಿಂತಿದ್ದಿತು. ಹಾಗೆಯೇ ಒಯ್ದು ಓರಗಿತ್ತಿಯವರ ಕೈಗೆ ಕೊಟ್ಟೆವು. ಅವರು ಒಳಗೆ ಬಗ್ಗಿ ನೋಡಿದರು. ಹಿಂಬದಿಯ ಅಂಗಳದಲ್ಲಿ ಒಂದು ದಾಸವಾಳದ ಗಿಡವಿದ್ದಿತು. ಅಲ್ಲಿಗೆ ಹೋಗಿ, ಗಿಂಡಿಯನ್ನು ಎರಡು ಕೈಯಿಂದ ಹಿಡಿದು, ಅಷ್ಟನ್ನೇ ನಿಧಾನವಾಗಿ, ಕಡಿಯದಂತೆ, ಬುಡಕ್ಕೆ ಎರೆದರು. ಅನಂತರ ಸೆರಗಿನಿಂದ ಒರೆಸಿ, ಅದೇ ರವಿಕೆಯ ಬಟ್ಟೆಯಲ್ಲಿ ಸುತ್ತಿ ಗಂಟಿಗೆ ಸೇರಿಸಿ, "ಬೇಗ ಹೊರಡೋಣವೆಂದು ಇವರಿಗೆ ಹೇಳು. ನಾಳೆ ಮತ ಎಣಿಕೆ, ದಾರಿಯಲ್ಲಿ ಇನ್ನಾರಾದರೂ ರಸೀತಿ ಕೇಳಿಯಾರು" ಎಂದರು.